ಕೆಂಪು ಕೇಳಿದರೆ ಹಸಿರು ತಂದವನು

ಆ ಮಗುವನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನಾಲ್ಕು ವರ್ಷದ ಕೂಸಿನ ಮೇಲೆ ಎಂಥಾ ದ್ವೇಷ ಎಂದು ಕೇಳಿದರೆ, ದ್ವೇಷ ಇದ್ದದ್ದು ಅವನ ತಾಯಿಯ ಮೇಲೆ ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಆದರೆ ನಾನು ಹಿಂಡಿದ್ದು ಅವನ ಕಿವಿಯನ್ನು.

ಗೌನಿಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ನಾನು ಅಂಗನವಾಡಿ ಟೀಚರ್. ಈ ಕೆಲಸಕ್ಕೆ ಅರ್ಜಿ ಕರೆದಾಗ ನಮ್ಮೂರಿಂದ ಹಾಕಿದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ಬೈರಕೂರು ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದ ಅವಳು. ನನಗೆ ಮಾರ್ಕ್ಸ್ ಸ್ವಲ್ಪ ಹೆಚ್ಚಿತ್ತು, ಕೆಲಸ ನನಗಾಯಿತು. ತಿಂಗಳೊಳಗೆ ಅವಳು ತಕರಾರು ಅರ್ಜಿ ಕೊಟ್ಟಳು. ನಾನು ಈ ಊರಲ್ಲಿ ವಾಸವೇ ಇಲ್ಲ, ಶ್ರೀನಿವಾಸಪುರದ ತವರುಮನೆಯಲ್ಲಿರುತ್ತೇನೆ ಎಂದು ಅದರಲ್ಲಿ ಬರೆದಿದ್ದಳು. ವಿಚಾರಣೆಗೆ ಬಂದವರು ನಮ್ಮ ಮನೆಯೊಳಗೆ ಹೋಗಿ ಒಲೆ ನೋಡಿದರು, ಹಾಸಿಗೆ ನೋಡಿದರು. ಅಕ್ಕಪಕ್ಕದವರನ್ನು ಕರೆದು, ‘ಈಯಮ್ಮ ರಾತ್ರಿ ಇಲ್ಲೇ ಮಲಗ್ತಾರಾ?’ ಎಂದು ಕೇಳಿದರು. ನಾನು ನನ್ನ ಮನೆಯ ಹೊರಗೆ ನಿಂತು ಅದನ್ನು ಕೇಳಿಸಿಕೊಂಡೆ. ಅರ್ಜಿ ಬಿದ್ದುಹೋಯಿತು. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದಾಗ ಅವಳು ಸಾಲಿನಲ್ಲಿದ್ದರೆ ನಾನು ಕ್ಯಾನು ಹಿಡಿದು ದೂರ ನಿಲ್ಲುತ್ತಿದ್ದೆ. ನಾನಿದ್ದರೆ ಅವಳು ಬೇಕೆಂದೇ ಜೋರಾಗಿ ಕ್ಯಾಕರಿಸುತ್ತಿದ್ದಳು.

ಆಮೇಲೆ ಅವಳ ಮಗನಿಗೆ ಮೂರು ತುಂಬಿತು. ಊರಿಗೆಲ್ಲ ಇರುವುದು ಒಂದೇ ಅಂಗನವಾಡಿ. ಅವಳು ಬರಲಿಲ್ಲ, ಅತ್ತೆಯ ಕೈಲಿ ಮಗುವನ್ನು ಕಳಿಸಿದಳು. ಮುದುಕಿ ಅವನನ್ನು ಹೊಸ್ತಿಲಲ್ಲಿ ಬಿಟ್ಟು, ‘ನಿನ್ನ ಕೈಗೇ ಕೊಡೋ ಹಂಗಾಯ್ತಲ್ಲಮ್ಮ’ ಎಂದು ಹೋದಳು.

ಒಂದು ವರ್ಷ ಏನೂ ಆಗಲಿಲ್ಲ. ಅವನು ಮೆತ್ತಗಿನ ಮಗು, ತಟ್ಟೆಯಲ್ಲಿ ಹಾಕಿದ್ದನ್ನು ತಿನ್ನುತ್ತಿದ್ದ, ಚಾಪೆ ಹಾಸಿದರೆ ಮಲಗುತ್ತಿದ್ದ. ತೊಂದರೆ ಶುರುವಾದದ್ದು ಬಣ್ಣದ ಪಾಠದಿಂದ.

ಬಣ್ಣ ಮಕ್ಕಳನ್ನು ಏನು ಮಾಡುತ್ತದೆ ಎಂದು ನಾನು ದಿನವೂ ನೋಡುತ್ತೇನೆ. ಹಳದಿ ಲೋಟದಲ್ಲಿ ಕೊಟ್ಟರೆ ಮಾತ್ರ ಹಾಲು ಕುಡಿಯುವ ಹುಡುಗಿ ಒಬ್ಬಳಿದ್ದಳು. ಅದೇ ಹಾಲನ್ನು ಸ್ಟೀಲ್ ಲೋಟಕ್ಕೆ ಹಾಕಿದರೆ ವಾಂತಿ ಬರುವವಳ ಹಾಗೆ ಮುಖ ಮಾಡುತ್ತಿದ್ದಳು. ಇನ್ನೊಬ್ಬ, ಸಹಾಯಕಿ ಕಪ್ಪು ಸೀರೆ ಉಟ್ಟು ಬಂದ ದಿನ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಉಳಿದಂತೆ ಬಹಳ ಮಕ್ಕಳಿಗೆ ಕೆಂಪು ಎಂದರೆ ಪ್ರಾಣ. ಮರದ ಬಿಲ್ಲೆಗಳ ಡಬ್ಬ ಸುರಿದರೆ ಮೊದಲು ಖಾಲಿಯಾಗುತ್ತಿದ್ದದ್ದು ಕೆಂಪು, ಅದಕ್ಕಾಗಿ ಕಚ್ಚಾಡುತ್ತಿದ್ದರು. ಇವನು ಆ ಜಗಳಕ್ಕೆ ಹೋಗುತ್ತಲೇ ಇರಲಿಲ್ಲ. ನೀಲಿ ಬಿಲ್ಲೆಗಳನ್ನು ಒಂದೊಂದಾಗಿ ಹೆಕ್ಕಿ, ಮೂಲೆಗೆ ಒಯ್ದು, ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದ.

‘ಕೆಂಪು ತಗೊಂಡ್ ಬಾರೋ’ ಎಂದರೆ ಹಸಿರು ತರುತ್ತಿದ್ದ. ಒಮ್ಮೊಮ್ಮೆ ಕೆಂಪನ್ನೇ ತರುತ್ತಿದ್ದ, ಮರುಗಳಿಗೆ ಕೇಳಿದರೆ ಮತ್ತೆ ಹಸಿರು. ಗಿಣಿಯ ಚಿತ್ರ ಕೊಟ್ಟರೆ ಮೈಗೆಲ್ಲ ಕಂದು ಬಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೊದಲು ನಾನೂ ನಕ್ಕೆ. ಆಮೇಲೆ ನನಗೆ ಅನುಮಾನ ಹತ್ತಿತು. ಏನೂ ತಿಳಿಯದ ಮಗುವಾದರೆ ಹಳದಿ, ನೀಲಿಯನ್ನು ಹೇಗೆ ಸರಿಯಾಗಿ ಹೇಳುತ್ತದೆ? ಬೇಕೆಂದೇ ಮಾಡುತ್ತಿದ್ದಾನೆ, ಮನೆಯಲ್ಲಿ ಯಾರೋ ಹೇಳಿಕೊಟ್ಟಿದ್ದಾರೆ ಎನಿಸಿತು. ಯಾರು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಸೂಪರ್‌ವೈಸರ್ ಮೇಡಂ ಬಂದರು. ಅಷ್ಟು ಮಕ್ಕಳಲ್ಲಿ ಅವರು ಇವನನ್ನೇ ಎಬ್ಬಿಸಿದರು. ಗೋಡೆಯ ಮೇಲಿನ ಟೊಮೆಟೊ ಚಿತ್ರ ತೋರಿಸಿ, ‘ಇದು ಯಾವ ಬಣ್ಣ ಪುಟ್ಟಾ?’ ಎಂದರು.

‘ಹಸಿರು.’

‘ಎಲೆ?’

ಅವನು ನನ್ನ ಮುಖ ನೋಡಿದ. ‘ಕೆಂಪು’ ಎಂದ.

ಮಕ್ಕಳೆಲ್ಲ ಗೊಳ್ಳೆಂದರು. ಮೇಡಂ ನಗಲಿಲ್ಲ. ‘ಟೊಮೆಟೊ ಬೆಳೆಯೋ ಊರಲ್ಲಿ ಮಗೂಗೆ ಟೊಮೆಟೊ ಬಣ್ಣ ಗೊತ್ತಿಲ್ವಲ್ಲಮ್ಮ. ಏನ್ ಕಲಿಸ್ತಿದೀರಿ ನೀವು?’ ಎಂದು ಭೇಟಿ ಪುಸ್ತಕದಲ್ಲಿ ಎರಡು ಸಾಲು ಬರೆದು ಹೋದರು.

ಅವರ ಸ್ಕೂಟಿ ತಿರುವು ದಾಟುವವರೆಗೂ ತಡೆದುಕೊಂಡಿದ್ದೆ. ಆಮೇಲೆ ಅವನನ್ನು ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದೆ. ಒಂದು ಕೈಗೆ ಕೆಂಪು ಕ್ರೇಯಾನ್, ಇನ್ನೊಂದಕ್ಕೆ ಹಸಿರು ಕೊಟ್ಟೆ.

‘ಹೇಳು, ಇದೇನು?’

ಅವನು ಎರಡನ್ನೂ ನೋಡಿದ. ‘ರೆಂಡೂ ಒಕಟೇ ಮಿಸ್’ ಎಂದ. ಎರಡೂ ಒಂದೇ ಅಂತೆ.

‘ನಿಮ್ಮಮ್ಮ ಹಿಂಗೆ ಹೇಳು ಅಂತ ಹೇಳ್ಕೊಟ್ಟಿದ್ದಾಳೇನೋ?’ ಎಂದು ಕಿವಿ ಹಿಂಡಿದೆ. ಅವನು ಅಳಲಿಲ್ಲ. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಊಟದ ಗಂಟೆಯವರೆಗೆ ಅಲ್ಲೇ ನಿಲ್ಲಿಸಿ ‘ಕೆಂಪು, ಹಸಿರು’ ಎಂದು ಹೇಳಿಸಿದೆ. ನಾನು ತೋರಿಸಿದ್ದಕ್ಕೂ ಅವನು ಹೇಳಿದ್ದಕ್ಕೂ ತಾಳೆಯಾಗಲೇ ಇಲ್ಲ. ಕೊನೆಗೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ಸಹಾಯಕಿ ಚಡ್ಡಿ ಬದಲಿಸುತ್ತಾ, ‘ಸಾಕು ಬಿಡಮ್ಮ, ಪಾಪ’ ಎಂದಳು. ‘ನಿನ್ನ ಕೆಲಸ ನೀನು ನೋಡ್ಕೋ’ ಎಂದು ಅವಳ ಮೇಲೂ ಹರಿಹಾಯ್ದೆ.

ಮರುದಿನ ಬೆಳಿಗ್ಗೆ ಅವನ ತಾಯಿಯೇ ಬಂದಳು. ಒಳಗೆ ಕಾಲಿಡಲಿಲ್ಲ, ಬಾಗಿಲ ಆಚೆ ನಿಂತೇ ಕೂಗಿದಳು.

‘ಏನಮ್ಮೋ, ಈಚೆ ಬಾ! ನನ್ನ ಮೇಲಿರೋ ಹಗೇನ ನನ್ನ ಮಗೂ ಮೇಲೆ ತೀರಿಸ್ಕೋತೀಯಾ?’

‘ಮಗೂನ ಎತ್ತಿ ಕಟ್ಟಿರೋಳು ನೀನು. ಮೇಡಂ ಮುಂದೆ ನನ್ನ ಮರ್ಯಾದೆ ತೆಗೀಲಿ ಅಂತ ಹೇಳ್ಕೊಟ್ಟು ಕಳಿಸಿದೀಯ.’

‘ನಿನಗೆ ಮರ್ಯಾದೆ ಇದ್ರಲ್ವಾ ತೆಗೆಯೋಕೆ? ಕಲಿಸೋಕೆ ಬರಲ್ಲ ಅಂದ್ರೆ ಎದ್ದು ಹೋಗು. ಬರೋರು ಬರ್ತಾರೆ.’

‘ಇನ್ನೂ ಅದೇ ಆಸೇನಾ? ಹೋಗು, ಇನ್ನೊಂದು ಅರ್ಜಿ ಬರೀ.’

ಮಕ್ಕಳನ್ನು ಬಿಡಲು ಬಂದ ಹೆಂಗಸರು ಅಲ್ಲೇ ನಿಂತು ನೋಡಿದರು. ಅವಳು ಮಗನ ಕೈ ಹಿಡಿದು ಹೊರಟಳು. ಆದರೆ ತೋಟದ ಕೆಲಸದ ಕಾಲ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ನಾಲ್ಕನೇ ದಿನ ಮುದುಕಿ ಅವನನ್ನು ಮತ್ತೆ ತಂದು ಬಿಟ್ಟಳು. ಕ್ರೇಯಾನ್ ಡಬ್ಬ ತೆಗೆದ ಕೂಡಲೇ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮುಟ್ಟದಿದ್ದರೆ ತಪ್ಪಾಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ನಾನು ಅದನ್ನೂ ಹಟವೆಂದೇ ತಿಳಿದೆ.

ಸ್ವಲ್ಪ ದಿನ ಕಳೆದ ಮೇಲೆ, ಒಂದು ಸಂಜೆ ಅಂಗನವಾಡಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆ. ದಾರಿಯ ಪಕ್ಕದಲ್ಲೇ ಆ ಮಗುವಿನ ಮನೆಯವರ ಟೊಮೆಟೊ ತೋಟ. ಹಣ್ಣು ಬಿಡಿಸುತ್ತಿದ್ದರು. ಆಳುಗಳ ನಡುವೆ ಒಬ್ಬ ಮುದುಕ ಇದ್ದ. ಮಗುವಿನ ತಾಯಿಯ ಅಪ್ಪ, ಮಗಳ ಮನೆಗೆ ಬಂದವನು ಸುಮ್ಮನೆ ಕೂರಲಾರದೆ ತೋಟಕ್ಕೆ ಬಂದಿದ್ದ. ಅವನು ಒಂದೊಂದು ಹಣ್ಣನ್ನೂ ಬೆರಳಲ್ಲಿ ಒತ್ತಿ ನೋಡಿ ಕೀಳುತ್ತಿದ್ದ. ಆದರೂ ಅವನ ಬುಟ್ಟಿಯಲ್ಲಿ ಅರ್ಧಕ್ಕರ್ಧ ಹಸಿರು ಕಾಯಿ. ಆಳು ಹೆಂಗಸೊಬ್ಬಳು ನಗುತ್ತಾ, ‘ಏನ್ ತಾತಾ, ಉಪ್ಪಿನಕಾಯಿ ಹಾಕ್ತೀಯಾ?’ ಎಂದಳು.

ಮುದುಕನೂ ನಕ್ಕ. ‘ಚಿಕ್ಕವನಿಂದಾನೂ ಹಂಗೇ ಕಣಮ್ಮ. ನನ್ನ ಕಣ್ಣಿಗೆ ಕಾಯೂ ಒಂದೇ, ಹಣ್ಣೂ ಒಂದೇ. ಹಿಚುಕಿ ನೋಡ್ತೀನಿ, ಆದ್ರೂ ತಪ್ಪಿಹೋಗುತ್ತೆ.’

‘ಸುಮ್ನಿರಪ್ಪ ನೀನು!’ ಎಂದು ಅವನ ಮಗಳು ಸಾಲಿನ ಆಚೆಯಿಂದ ಗದರಿದಳು. ತಲೆ ಎತ್ತಿದವಳು ದಾರಿಯಲ್ಲಿ ನಿಂತಿದ್ದ ನನ್ನನ್ನು ಕಂಡಳು. ಅವಳ ಮುಖ ಬಿಳಚಿಕೊಂಡಿತು.

ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಮಗು ಸುಳ್ಳು ಹೇಳಿರಲಿಲ್ಲ, ಅವನಿಗೆ ಎರಡೂ ನಿಜವಾಗಿ ಒಂದೇ. ಆಗ ನನಗೆ ಅವನ ಮೇಲೆ ಕನಿಕರ ಹುಟ್ಟಿತು, ಮಾಡಿದ್ದಕ್ಕೆ ನಾಚಿಕೆಯಾಯಿತು ಎಂದು ಬರೆಯಲು ನನಗೂ ಆಸೆ. ಆದರೆ ಅವತ್ತು ನನಗಾದದ್ದು ಖುಷಿ. ನನ್ನ ಒಲೆ, ಹಾಸಿಗೆಗಳನ್ನು ಊರ ಮುಂದೆ ಇಡಿಸಿದವಳದೂ ಒಂದು ಗುಟ್ಟು ನನ್ನ ಕೈಗೆ ಸಿಕ್ಕಿತ್ತು.

ಅದನ್ನು ಒಂದು ರಾತ್ರಿಗಿಂತ ಹೆಚ್ಚು ಇಟ್ಟುಕೊಳ್ಳಲು ನನ್ನಿಂದಾಗಲಿಲ್ಲ. ಮರುದಿನ ಡೈರಿಯ ಮುಂದೆ ಹತ್ತು ಹೆಂಗಸರಿದ್ದರು, ಅತ್ತೆ ಸೊಸೆ ಇಬ್ಬರೂ ಇದ್ದರು. ನಾನು ಮುದುಕಿಯನ್ನೇ ಮಾತಾಡಿಸಿದೆ.

‘ಅಜ್ಜೀ, ನಿಮ್ಮ ಮೊಮ್ಮಗನಿಗೆ ಬಣ್ಣ ಯಾಕೆ ಗೊತ್ತಾಗಲ್ಲ ಅಂತ ಈಗ ತಿಳೀತು. ಅವನಿಗೆ ಬಂದಿರೋದು ನಿಮ್ಮ ಬೀಗರ ಕಣ್ಣು. ಬೇಕಾದ್ರೆ ಅವರನ್ನೇ ಕೇಳಿ, ಇನ್ನೂ ಮನೇಲೇ ಇದ್ದಾರಲ್ಲ.’

ಮುದುಕಿ ಸೊಸೆಯತ್ತ ತಿರುಗಿದಳು. ‘ಏಮೇ? ಕಣ್ಣು ಕಾಣದೋರ ಮನೆಯಿಂದ ಹೆಣ್ಣು ತಂದಿದೀವಾ ನಾವು? ಮದುವೆಗೆ ಮುಂಚೆ ಬಾಯಿ ಬಿಡ್ಲಿಲ್ವಲ್ಲೇ ನಿಮ್ಮಪ್ಪ!’

ಅವಳು ಹಾಲು ಅಳೆಸದೆ ಕ್ಯಾನು ಎತ್ತಿಕೊಂಡು ಸಾಲು ಬಿಟ್ಟು ಮನೆಯ ಕಡೆ ನಡೆದಳು. ಅವಳ ಅಪ್ಪ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಹೋದನಂತೆ.

ಮುಂದೆ ಏನಾಗಬಹುದು ಎಂದು ನಾನು ಯೋಚಿಸಿರಲಿಲ್ಲ. ಪೆಟ್ಟು ಅವಳಿಗೆ ಬೀಳುತ್ತದೆ ಎಂದುಕೊಂಡಿದ್ದೆ, ಬಿದ್ದದ್ದು ಮಗುವಿಗೆ. ಆ ಮನೆಗೆ ಬಂದವರೆಲ್ಲ ಅವನನ್ನು ಎದುರಿಗೆ ಕೂರಿಸಿಕೊಂಡು ಸೆರಗು ಹಿಡಿದು ‘ಇದ್ಯಾವ ಬಣ್ಣ ಹೇಳು’ ಎನ್ನಲು ಶುರುಮಾಡಿದರು. ಅಂಗಡಿಯಲ್ಲಿ ಚಾಕೊಲೇಟಿನ ಕಾಗದ ತೋರಿಸಿ ಕೇಳಿದರು, ಬಸ್‌ಸ್ಟಾಪಿನಲ್ಲಿ ಕೂತ ಗಂಡಸರು ಟವೆಲ್ ಬೀಸಿ ಕೇಳಿದರು. ಹೊಡೆಯುವವರು ಯಾರೂ ಇರಲಿಲ್ಲ, ಎಲ್ಲರಿಗೂ ಅದೊಂದು ಆಟ. ನನ್ನ ಅಂಗನವಾಡಿಯ ಮಕ್ಕಳೂ ಕಲಿತವು. ಒಂದು ದಿನ ಐದಾರು ಮಕ್ಕಳು ಅವನನ್ನು ಸುತ್ತುಗಟ್ಟಿ ಬಿಲ್ಲೆಗಳನ್ನು ಮುಖಕ್ಕೆ ಹಿಡಿದು, ‘ಇದೇನು? ಇದೇನು?’ ಎಂದು ಕುಣಿಯುತ್ತಿದ್ದವು. ಅವನು ನಡುವೆ ಕೂತು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದ. ಎಷ್ಟು ಬಿಗಿಯಾಗಿ ಎಂದರೆ ಹಣೆಯೆಲ್ಲ ಸುಕ್ಕಾಗಿತ್ತು. ಮಕ್ಕಳನ್ನು ಓಡಿಸಿ ನಾನು ಹತ್ತಿರ ಹೋಗಿ, ‘ಕಣ್ಣು ಬಿಡೋ, ಯಾರೂ ಇಲ್ಲ’ ಎಂದೆ. ನನ್ನ ದನಿ ಕೇಳಿದ್ದೇ ಅವನು ಎರಡೂ ಅಂಗೈಗಳನ್ನು ಕಣ್ಣಿನ ಮೇಲೆ ಒತ್ತಿಕೊಂಡ.

ಆ ಮಧ್ಯಾಹ್ನ ನಾನು ಬಿಲ್ಲೆಗಳ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಮೇಲೆ ಎತ್ತಿಟ್ಟೆ.

ಅದೇ ವಾರ ಅವನ ತಾಯಿ ಗಂಡನನ್ನಾಗಲಿ ಅತ್ತೆಯನ್ನಾಗಲಿ ಕೇಳದೆ ಅವನನ್ನು ಬಸ್ಸು ಹತ್ತಿಸಿಕೊಂಡು ಕೋಲಾರದ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಮರುದಿನ ಅಂಗನವಾಡಿಗೆ ಬಂದು ನನ್ನ ಟೇಬಲ್ಲಿನ ಮೇಲೆ ಚೀಟಿ ಬಿಸಾಡಿದಳು.

‘ಓದು. ಓದೋಕೆ ಬರುತ್ತಲ್ಲ, ಮಾರ್ಕ್ಸ್ ತೆಗೆದೋಳು.’

ನಾನು ಓದುತ್ತಿದ್ದಂತೆ ಅವಳೇ ಹೇಳಿದಳು. ‘ಚುಕ್ಕೆ ಚುಕ್ಕೆ ಇರೋ ಪುಸ್ತಕ ತೋರ್ಸಿ ನೋಡಿದ್ರು. ದೃಷ್ಟಿ ಚೆನ್ನಾಗಿದೆ ಅಂತೆ. ಕೆಂಪು ಹಸಿರು ಮಾತ್ರ ಬೇರೆ ಬೇರೆ ಕಾಣಲ್ಲ. ಹುಟ್ಟಿನಿಂದ ಬಂದಿದ್ದು, ಔಷಧಿ ಇಲ್ಲ, ಭಯಾನೂ ಇಲ್ಲ. ನನ್ನ ಕಡೆಯಿಂದಾನೇ ಬಂದಿದೆ. ಆಯ್ತಾ? ಈಗ ನಿನ್ನ ಹೊಟ್ಟೆ ತಣ್ಣಗಾಯ್ತಾ?’

‘ನಂಗೆ ಗೊತ್ತಿರ್ಲಿಲ್ಲ. ನಂದು ತಪ್ಪಾಯ್ತು’ ಎಂದೆ.

‘ಕಿವಿ ಹಿಂಡ್ದಾಗ ಗೊತ್ತಿರ್ಲಿಲ್ಲ, ಒಪ್ತೀನಿ. ಡೈರಿ ಮುಂದೆ ನಿಂತು ಹೇಳ್ದಾಗ ಗೊತ್ತಿತ್ತಲ್ಲ? ನಿನ್ನ ತಪ್ಪು ನಿನ್ನ ಹತ್ರಾನೇ ಇಟ್ಕೋ.’

ಅವಳು ಹೇಳಿದ್ದು ನಿಜ. ಆದರೂ ಅವಳು ಹೋದ ಮೇಲೆ ನನಗೆ ಮತ್ತೆ ಸಿಟ್ಟೇ ಬಂತು. ಬಾಯಿಬಿಟ್ಟು ತಪ್ಪಾಯಿತೆಂದರೂ ಬಗ್ಗಲಿಲ್ಲವಲ್ಲ, ಎಷ್ಟು ಕೊಬ್ಬು ಎಂದುಕೊಂಡೆ. ಅವಳ ವಿಷಯದಲ್ಲಿ ನಾನು ಒಳ್ಳೆಯವಳಾದೆನೆಂದು ಹೇಳಿದರೆ ಸುಳ್ಳಾಗುತ್ತದೆ.

ಮಗುವಿನ ವಿಷಯದಲ್ಲಿ ಮಾತ್ರ ನನ್ನಿಂದಾದದ್ದು ಮಾಡಿದೆ. ಕೆಂಪು ಕ್ರೇಯಾನುಗಳಿಗೆಲ್ಲ ಬ್ಲೇಡಿನಿಂದ ಒಂದು ಗೀರು, ಹಸಿರಿಗೆ ಎರಡು ಗೀರು ಹಾಕಿದೆ. ಬಿಲ್ಲೆಗಳಿಗೂ ಹಾಗೇ ಮಾಡಿದೆ. ಗೀರುಗಳನ್ನು ನಾನು ಅವನಿಗೆ ತೋರಿಸಲು ಹೋದರೆ ಕೈ ಹಿಂದಕ್ಕೆ ಹೋಗುತ್ತಿತ್ತು, ಅದಕ್ಕೆ ಸಹಾಯಕಿಯ ಕೈಲಿ ಹೇಳಿಸಿದೆ. ಅವಳು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ‘ಉಗುರಲ್ಲಿ ಮುಟ್ಟಿ ನೋಡಪ್ಪ, ಒಂದಿದ್ರೆ ಕೆಂಪು’ ಎಂದು ಕಲಿಸಿದಳು. ಹತ್ತು ದಿನದಲ್ಲಿ ಅವನು ತಪ್ಪಿಲ್ಲದೆ ಆರಿಸತೊಡಗಿದ. ‘ಬಣ್ಣ ಯಾರೂ ಯಾರನ್ನೂ ಕೇಳಬಾರದು’ ಎಂದು ಮಕ್ಕಳಿಗೆ ಗದರಿ ಹೇಳಿದೆ. ಊರಿನವರಿಗೆ ಹಾಗೆ ಹೇಳುವ ಮುಖ ನನಗಿರಲಿಲ್ಲ. ಅವರು ತಾವಾಗಿಯೇ ಬೇಸತ್ತು ಬಿಟ್ಟರು.

ಈ ವರ್ಷ ಅವನನ್ನು ಪಕ್ಕದ ಸರ್ಕಾರಿ ಶಾಲೆಗೆ ಒಂದನೇ ತರಗತಿಗೆ ಸೇರಿಸಿದರು. ಅಂಗನವಾಡಿಯಿಂದ ಹೋಗುವ ಮಕ್ಕಳ ಪಟ್ಟಿ ಹಿಡಿದು ನಾನೂ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತಿದ್ದೆ. ಅವಳು ಮಗನ ಕೈಹಿಡಿದು ಬಂದಳು, ಹೆಸರು ಬರೆಸಿದಳು, ಹೊರಡುವ ಮುಂಚೆ ನಿಂತಳು.

‘ಸಾರ್, ನನ್ನ ಮಗನಿಗೆ ಕೆಂಪು ಹಸಿರು ಗೊತ್ತಾಗಲ್ಲ. ಡಾಕ್ಟರ್ ಚೀಟಿ ತಂದಿದೀನಿ. ಬಣ್ಣ ಕೇಳ್ಬೇಡಿ. ಕೇಳಿದ್ರೂ ಹೊಡೀಬೇಡಿ. ಹೊಡೆದೋರು ಒಬ್ರಿದ್ದಾರೆ, ಅದೇ ಸಾಕು.’

ಹೆಡ್‌ಮಾಸ್ಟರು ಚೀಟಿ ತೆಗೆದುಕೊಂಡು, ‘ಯಾರಮ್ಮ ಹೊಡೆದೋರು?’ ಎಂದರು.

ಅವಳು ನನ್ನನ್ನೇ ನೋಡಿದಳು, ನಾನು ತಲೆ ತಗ್ಗಿಸುವವರೆಗೂ ನೋಡಿದಳು. ಹುಡುಗ ಕಿಟಕಿಯ ಹತ್ತಿರ ನಿಂತು ಹೊರಗೆ ಆಡುತ್ತಿದ್ದ ಮಕ್ಕಳನ್ನು ನೋಡುತ್ತಿದ್ದ.

‘ನಾನೇ ಸಾರ್’ ಎಂದೆ.