ಕೂಲಿಯಿಲ್ಲದೆ ಮುರಿದ ಬೆರಳು

ಐರ್ಲೆಂಡಿನ ಮುದುಕರೊಬ್ಬರನ್ನು ನನ್ನ ಟ್ಯಾಕ್ಸಿಯಲ್ಲಿ ಅಘನಾಶಿನಿಗೆ ಕರೆದುಕೊಂಡು ಹೋಗಿದ್ದೆ. ಹರೆಯದಲ್ಲಿ ಅವರು ಹರ್ಲಿಂಗ್ ಆಡಿದವರಂತೆ. ಕೋಲಿನಿಂದ ಗಟ್ಟಿ ಚೆಂಡಿಗೆ ಹೊಡೆಯುವ ಆಟ. ಚೆಂಡು ತಪ್ಪಿದರೆ ಕೋಲು ಯಾರಿಗಾದರೂ ತಾಗಿಯೇ ತಾಗುತ್ತದೆ.

ಅಲ್ಲಿ ಹೊಳೆದಂಡೆಯಲ್ಲಿ ಬಳಚು ಚಿಪ್ಪಿ ಮಾರುತ್ತಿದ್ದ ನಾಗಮ್ಮಕ್ಕ ಅವರ ಸೊಟ್ಟ ಬೆರಳುಗಳನ್ನು ನೋಡಿ, "ಇದೆಂತ ಆತು, ಕೇಳು" ಅಂದಳು.

ಕೇಳಿದೆ. "ಒಂದು ಫೈನಲ್‌ನಲ್ಲಿ ಮುರಿಯಿತು. ಆದರೂ ಕೊನೆತನಕ ಆಡಿದೆ" ಎಂದರು ಹೆಮ್ಮೆಯಿಂದ.

"ಸಂಬಳ ಎಷ್ಟಂತೆ?"

"ಸಂಬಳವೇ ಇಲ್ಲ ಅಕ್ಕ, ಊರಿನ ಮರ್ಯಾದೆಗೆ ಆಡೋದಂತೆ."

ಅಕ್ಕ ಹೌಹಾರಿದಳು. "ಹೆಂಡತಿ ಎಂತದೂ ಹೇಳ್ಲಿಲ್ವ?"

ಅದನ್ನೂ ಇಂಗ್ಲಿಷಿನಲ್ಲಿ ಕೇಳಿದೆ. ಮುದುಕರು ನಕ್ಕು, "ಅವಳೂ ಆಡುತ್ತಿದ್ದಳು. ಈ ಇನ್ನೊಂದು ಬೆರಳು ಮುರಿದದ್ದು ಅವಳೇ, ಪ್ರಾಕ್ಟೀಸಿನಲ್ಲಿ" ಎಂದರು.

"ಹಾಗಾದ್ರೆ ಒಳ್ಳೇ ಆಟವೇ" ಅಂದಳು ನಾಗಮ್ಮಕ್ಕ.

ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಅವಳ ಗಂಡ ಸದ್ದಿಲ್ಲದೆ ಎದ್ದು, ದೋಣಿಯ ಆಚೆ ಬದಿಗೆ ಹೋಗಿ ಕೂತ.