ತೆರೇಸಾ ಮತ್ತು ಅವಳ ದೇಶದ ಹಿತ

ನಾನು ವೃತ್ತಿಯಿಂದ ನೀರಿನ ಇಂಜಿನಿಯರ್. ಆದರೂ ಎರಡು ವರ್ಷದ ಹಿಂದೆ, ಈ ಪ್ರಸಂಗ ನಡೆದಾಗ, ಅಮೆರಿಕದ ಕ್ಯಾಂಪ್‌ಬೆಲ್‌ನ ನನ್ನ ಮನೆಯ ಬಾಗಿಲಲ್ಲಿ ಒಂದು ಹಿತ್ತಾಳೆ ಫಲಕವಿತ್ತು. ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪರಾಷ್ಟ್ರಕ್ಕೆ ನಾನು ಈ ಭಾಗದ ಗೌರವ ಕಾನ್ಸುಲ್ ಎಂದು ಅದು ಸಾರುತ್ತಿತ್ತು. ದೇಶದ ಹೆಸರು ಹೇಳುವುದಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಹೆಸರು ಹೇಳಿದರೆ ಇದು ಯಾರ ಮನೆಯ ಸಂಗತಿ ಎಂದು ಮಕ್ಕಳಿಗೂ ತಿಳಿದುಬಿಡುತ್ತದೆ.

ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕ ಕಟ್ಟಲು ಕಂಪನಿ ನನ್ನನ್ನು ಒಮ್ಮೆ ಆ ದ್ವೀಪಕ್ಕೆ ಕಳಿಸಿತ್ತು. ಹೋದವನು ಕೆಲವು ವರ್ಷ ಅಲ್ಲೇ ಉಳಿದೆ, ಅವರ ಭಾಷೆಯನ್ನೂ ಕಲಿತೆ. ನಿವೃತ್ತನಾದ ಮೇಲೆ ಅವರೇ ಕೇಳಿಕೊಂಡರು. ಅಂಥ ದೇಶಕ್ಕೆ ಊರೂರಿನಲ್ಲಿ ಕಚೇರಿ ತೆರೆಯುವ ಶಕ್ತಿ ಇರುವುದಿಲ್ಲ. ಪರಿಚಯದ ಒಬ್ಬರನ್ನು ಹಿಡಿದು, ಸಂಬಳವಿಲ್ಲದೆ ಒಂದು ಮೊಹರು ಕೊಟ್ಟು ಕೂರಿಸುತ್ತಾರೆ. ಆ ಮೊಹರು ನನ್ನ ಊಟದ ಮನೆಯ ಕಪಾಟಿನಲ್ಲಿರುತ್ತಿತ್ತು. ಯುಗಾದಿಯ ಊಟಕ್ಕೆ ಬಂದ ಮಂಡ್ಯದ ಗೆಳೆಯರು, "ಏನ್ ರಾಯಭಾರಿಗಳೇ, ನಮ್ ಹುಡುಗನ ಗ್ರೀನ್ ಕಾರ್ಡು ಒಸಿ ಬೇಗ ಮಾಡ್ಸಿಕೊಡಿ" ಎಂದು ಕಾಲೆಳೆಯುತ್ತಿದ್ದರು. ಪಾಸ್‌ಪೋರ್ಟ್ ಕಳೆದುಕೊಂಡ ನಾವಿಕರು, ಮದುವೆ ನೋಂದಣಿಗೆ ಬರುವ ಜೋಡಿಗಳು, ಇಷ್ಟೇ ನನ್ನ ರಾಜತಾಂತ್ರಿಕ ವ್ಯವಹಾರ.

ಆ ದೇಶದ ವಿದೇಶಾಂಗ ಸಚಿವಾಲಯವೆಂದರೆ ಒಂದು ಮಹಡಿ, ಏಳೆಂಟು ಜನ. ಅದರ ಕಾರ್ಯದರ್ಶಿ ಇಯೊವಾನೆ ಒಂದು ಕಾಲದಲ್ಲಿ ನನ್ನ ಘಟಕದಲ್ಲಿ ಗುಮಾಸ್ತನಾಗಿದ್ದವನು. ಆಗಿನಿಂದಲೂ ನನ್ನನ್ನು "ಇಂಜಿನಿಯರ್" ಎಂದೇ ಕರೆಯುತ್ತಾನೆ. "ಯಾರ ಜೊತೆಗೂ ಜಗಳ ಆಡಬಾರದು. ಅದೇ ನಮ್ಮ ವಿದೇಶಾಂಗ ನೀತಿ, ಉಳಿದದ್ದೆಲ್ಲ ಭಾಷಣ" ಎನ್ನುತ್ತಿದ್ದ. ಬಂದರಿಗೆ ಬರುವ ದೊಡ್ಡ ದೇಶಗಳ ಹಡಗುಗಳು, ಮೀನು ಹಿಡಿಯುವ ಪರವಾನಗಿಗಳು, ಸಭೆಗಳಲ್ಲಿ ಹಾಕಬೇಕಾದ ಮತಗಳು, ಎಲ್ಲವನ್ನೂ ಅವನು ತನ್ನ ಜನಕ್ಕೆ ಏನು ಸಿಗುತ್ತದೆ ಎಂದೇ ತೂಗಿ ನೋಡುತ್ತಿದ್ದ. ಪೇಪರಿನಲ್ಲಿ ಬರುವ ಘನ ಸಿದ್ಧಾಂತಗಳಿಗಿಂತ ಈ ನೇರವಂತಿಕೆ ನನಗೆ ಇಷ್ಟವಾಗಿತ್ತು.

ಆ ವರ್ಷದ ಮಾರ್ಚಿನಲ್ಲಿ ಫ್ರೀಮಾಂಟಿನಿಂದ ಶೈಲಜಾ ಎಂಬವರು ಫೋನ್ ಮಾಡಿದರು. ಧಾರವಾಡದವರು, ಪಾಲೋ ಆಲ್ಟೋದಲ್ಲಿ ಕೆಲಸ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ತೆರೇಸಾ ಎಂಬ ಹೆಂಗಸನ್ನು ಇಟ್ಟುಕೊಂಡಿದ್ದರು. ತೆರೇಸಾ ನನ್ನ ಆ ದ್ವೀಪದವಳೇ.

"ಸರ್, ನಮ್ಮ ತೆರೇಸಾನ್ನ ಹಿಡಕೊಂಡು ಹೋಗ್ಯಾರ್ರೀ. ಪ್ರತಿ ವರ್ಷ ಇಮಿಗ್ರೇಶನ್ ಆಫೀಸಿಗೆ ಹೋಗಿ ಸೈನ್ ಮಾಡಿ ಬರ್ತಿದ್ಲು. ಈ ಸಲ ಹೋದಾಕಿ ಹೊರಗ ಬರಲೇ ಇಲ್ಲ. ವಾರಕ್ಕ ಮೂರು ಸಲ ಡಯಾಲಿಸಿಸ್ ಅದರೀ ಆಕಿಗೆ! ಅವ್ವ ನೋಡಿದ್ರ ಬೇರೆಯವರ ಕೈಲೆ ಊಟಾನೇ ಮಾಡವಲ್ಲಳು."

ವೀಸಾ ಮುಗಿದ ಮೇಲೂ ಉಳಿದವರಲ್ಲಿ ತೆರೇಸಾ ಒಬ್ಬಳು. ಗಡೀಪಾರಿನ ಆದೇಶ ಎಂದೋ ಆಗಿತ್ತು. ವರ್ಷಕ್ಕೊಮ್ಮೆ ಹಾಜರಿ ಹಾಕಿದರೆ ಸಾಕು ಎಂದು ಬಿಟ್ಟಿದ್ದರು. ಈಗ ಗಾಳಿ ಬದಲಾಗಿತ್ತು.

ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ಅಮೆರಿಕ ಒಬ್ಬರನ್ನು ವಾಪಸು ಕಳಿಸಬೇಕಾದರೆ, ಅವರ ಬಳಿ ಪಾಸ್‌ಪೋರ್ಟ್ ಇಲ್ಲದಿದ್ದರೆ, "ಇವರು ನಮ್ಮವರು" ಎಂದು ಅವರ ದೇಶ ಒಪ್ಪಿ ಒಂದು ಪ್ರಯಾಣಪತ್ರ ಕೊಡಬೇಕು. ಅದಕ್ಕೆ ಮುಂಚೆ ಕಾನ್ಸುಲ್ ಆ ವ್ಯಕ್ತಿಯನ್ನು ಸಂದರ್ಶಿಸಬೇಕು. ದೇಶ ಪತ್ರ ಕೊಡದಿದ್ದರೆ ಬಂಧನ ಎಳೆದಾಡುತ್ತದೆ, ಎಷ್ಟೋ ಸಲ ಕೊನೆಗೆ ಬಿಟ್ಟುಬಿಡುತ್ತಾರೆ. ತೆರೇಸಾಳ ಪಾಸ್‌ಪೋರ್ಟ್ ಎಂದೋ ಕಳೆದುಹೋಗಿತ್ತು. ಅಂದರೆ ಸುಮ್ಮನೆ ತಡ ಮಾಡುವುದೊಂದೇ ಆ ಪುಟ್ಟ ದೇಶದ ಕೈಯಲ್ಲಿದ್ದ ಶಕ್ತಿ.

ದ್ವೀಪದಲ್ಲಿ ಡಯಾಲಿಸಿಸ್ ಇಲ್ಲ. ಏಕಿಲ್ಲ ಎಂದು ನನಗಿಂತ ಚೆನ್ನಾಗಿ ಯಾರು ಹೇಳಬೇಕು? ಆ ಯಂತ್ರಕ್ಕೆ ಬೇಕಾಗುವ ನೀರು ಕುಡಿಯುವ ನೀರಿಗಿಂತ ಎಷ್ಟೋ ಪಾಲು ಶುದ್ಧವಾಗಿರಬೇಕು. ಜೊತೆಗೆ ಕೈಕೊಡದ ಕರೆಂಟು ಬೇಕು. ನಾನು ಕಟ್ಟಿದ ಘಟಕ ಕುಡಿಯಲು ಸಾಲುವಷ್ಟು ಕೊಡುವುದಕ್ಕೇ ಏದುಸಿರು ಬಿಡುತ್ತಿತ್ತು. ಹೊಟ್ಟೆಗೆ ದ್ರವ ತುಂಬಿ ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ಒಂದಿದೆ. ವೈದ್ಯರನ್ನು ವಿಚಾರಿಸಿದೆ. ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ವಾರಗಟ್ಟಲೆ ತರಬೇತಿ, ಅದಾದ ಮೇಲೂ ತಿಂಗಳು ತಪ್ಪದೆ ಹಡಗಿನಲ್ಲಿ ದ್ರವದ ಚೀಲ ಬರಬೇಕು ಎಂದರು. ಆ ಹಡಗನ್ನು ನಾನು ಬಲ್ಲೆ. ಅದನ್ನು ನಂಬಿ ಯಾರೂ ಸಕ್ಕರೆಯನ್ನೂ ಖಾಲಿ ಮಾಡಿಕೊಳ್ಳುವುದಿಲ್ಲ. ತೆರೇಸಾಳನ್ನು ಕಳಿಸುವುದೆಂದರೆ ಸಾಯಲು ಕಳಿಸುವುದು. ಇದನ್ನೆಲ್ಲ ನಾನು ಸಚಿವಾಲಯಕ್ಕೆ ವಿವರವಾಗಿ ಬರೆದೆ.

ಇಯೊವಾನೆಯ ಉತ್ತರ ಬೇಗ ಬಂತು. ಸಂದರ್ಶನ ಮಾಡಿ, ನಮ್ಮವಳೇ ಆಗಿದ್ದರೆ ತಕ್ಷಣ ಪತ್ರ ಕೊಡಿ ಎಂದಿತ್ತು. ಕಾರಣವೂ ಇತ್ತು. ತಮ್ಮವರನ್ನು ವಾಪಸು ಕರೆದುಕೊಳ್ಳದ ದೇಶಗಳಿಗೆ ಎಲ್ಲ ವೀಸಾ ನಿಲ್ಲಿಸುತ್ತೇವೆ ಎಂಬ ಅಮೆರಿಕದ ಎಚ್ಚರಿಕೆ ಅವರಿಗೆ ತಲುಪಿತ್ತು. ಆ ದ್ವೀಪದ ಯುವಕ ಯುವತಿಯರಿಗೆ ಓದು, ದುಡಿಮೆ ಎಲ್ಲ ಹೊರಗೇ. ಅವರು ಕಳಿಸುವ ದುಡ್ಡಿನಲ್ಲೇ ಅಲ್ಲಿ ಒಲೆ ಉರಿಯುತ್ತದೆ. ನನಗೆ ಅರ್ಥವಾಗಲಿಲ್ಲ ಎಂದಲ್ಲ. ಆದರೂ ಮೈ ಉರಿದುಹೋಯಿತು.

ಸಂದರ್ಶನ ವೀಡಿಯೋದಲ್ಲಿ ನಡೆಯಿತು. ಆ ಕಡೆ ಬಂಧನ ಕೇಂದ್ರದಲ್ಲಿ ತೆರೇಸಾ, ಪಕ್ಕದಲ್ಲಿ ಒಬ್ಬ ಅಧಿಕಾರಿ. ಈ ಕಡೆ ನನ್ನ ಊಟದ ಮನೆಯಲ್ಲಿ ನಾನು. ಐವತ್ತು ದಾಟಿದ ಹೆಂಗಸು, ಮುಖ ಊದಿಕೊಂಡಿತ್ತು. ಉತ್ತರಿಸದೆ ಇರುವುದು ಅವಳ ಹಕ್ಕು, ಬಾಯಿ ತೆರೆಯಬೇಡ ಎಂದು ಅವಳ ವಕೀಲರು ಹೇಳಿಕೊಟ್ಟಿದ್ದಾರೆ ಎಂದು ಶೈಲಜಾ ನನಗೆ ತಿಳಿಸಿದ್ದರು. ನಾನು ಇಂಗ್ಲಿಷಿನಲ್ಲಿ ನಿಯಮದಂತೆ ಕೇಳಿದೆ. ಹುಟ್ಟಿದ ಊರು? ಮೌನ. ತಾಯಿಯ ಹೆಸರು? ಮೌನ. ಒಳಗೊಳಗೇ ಖುಷಿಪಟ್ಟೆ. "ಉತ್ತರವಿಲ್ಲ, ಪೌರತ್ವ ಖಚಿತವಾಗಿಲ್ಲ" ಎಂದು ಬರೆದು ಮುಗಿಸಲಿದ್ದೆ.

ಆಗ ಅವಳು ತನ್ನ ಭಾಷೆಯಲ್ಲಿ ಹೇಳಿದಳು: "ನೀನು ನಮ್ಮ ಮಾತು ಬಲ್ಲವನಂತೆ. ನಮ್ಮ ಹಾಗೆ ಕೇಳು."

ಆ ದ್ವೀಪದಲ್ಲಿ ಹೊಸಬರು ಎದುರಾದರೆ ಹೆಸರು ಕೇಳುವುದಿಲ್ಲ. "ನೀನು ಯಾರ ಕಡೆಯವಳು?" ಎನ್ನುತ್ತಾರೆ. ನಮ್ಮ ಕಡೆಯೂ "ಯಾರ ಪೈಕಿ?" ಎನ್ನುತ್ತೇವಲ್ಲ, ಹಾಗೆ. ಆದರೆ ಅಲ್ಲಿ ಅದಕ್ಕೆ ತಾಯಿಯ ಕಡೆಯ ಹಿರಿಯಳಿಂದ ಹಿಡಿದು ಇವತ್ತು ಬದುಕಿರುವವರ ತನಕ ಎಲ್ಲರನ್ನೂ ಹೇಳಲೇಬೇಕು. ಕೇಳಿಸಿಕೊಂಡೂ ಸುಮ್ಮನಿದ್ದರೆ ತನ್ನವರನ್ನು ಕೈಬಿಟ್ಟಂತೆ.

"ಅಮ್ಮಾ, ನಾನು ಕೇಳುವುದಿಲ್ಲ. ಕೇಳದಿದ್ದರೆ ನಿನಗೆ ಒಳ್ಳೆಯದು" ಎಂದೆ.

"ಇಲ್ಲಿ ಎಲ್ಲರೂ ನನ್ನನ್ನು ನಂಬರಿನಿಂದ ಕರೆಯುತ್ತಾರೆ. ಡಯಾಲಿಸಿಸ್ಸಿಗೆ ಕರೆದುಕೊಂಡು ಹೋಗುವಾಗ ಕಾಲಿಗೆ ಸರಪಳಿ ಹಾಕುತ್ತಾರೆ. ಯಾರ ಮಗಳೂ ಅಲ್ಲದೆ ಸಾಯಲಾರೆ. ಕೇಳು."

"ನೀನು ಯಾರ ಕಡೆಯವಳು?" ಎಂದು ಕೇಳಿದೆ. ಅವಳು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಒಂದೊಂದೇ ಹೆಸರು ಹೇಳತೊಡಗಿದಳು. ಯಾವ ದಿಬ್ಬದವಳು, ಯಾವ ತೆಂಗಿನ ತೋಪಿನಲ್ಲಿ ಮಣ್ಣಾದಳು, ಎಲ್ಲ. ಕೊನೆಗೆ, "ನನ್ನ ಅಕ್ಕನ ಮಗ ಇಯೊವಾನೆ, ಸಚಿವಾಲಯದಲ್ಲಿದ್ದಾನೆ. ಅವಳು ಹೋದ ಮೇಲೆ ನಾನೇ ಅವನನ್ನು ಎತ್ತಿ ಆಡಿಸಿದೆ" ಎಂದು ನಿಲ್ಲಿಸಿದಳು. ಅಧಿಕಾರಿಗೆ ಭಾಷೆ ಬರುತ್ತಿರಲಿಲ್ಲ, ಆದರೆ ಅವಳು ಉತ್ತರಿಸಿದ್ದು ಗೊತ್ತಾಯಿತು. ಅವನು ಬರೆದುಕೊಂಡ. ನಾನು ಸುಳ್ಳು ಬರೆಯುವ ಹಾಗಿರಲಿಲ್ಲ. ಅವಳ ಎದುರಿಗೆ, ಅಷ್ಟೆಲ್ಲ ಕೇಳಿದ ಮೇಲೆ, ಇವಳು ಯಾರೋ ಗೊತ್ತಿಲ್ಲ ಎಂದು ಹೇಗೆ ಬರೆಯುವುದು?

ಇಯೊವಾನೆಗೆ ಫೋನ್ ಮಾಡಿ ಚೆನ್ನಾಗಿ ಬೈದೆ. "ನಿನಗೆ ಗೊತ್ತಿತ್ತೋ ಇಲ್ಲವೋ?"

"ಗೊತ್ತಿತ್ತು, ಇಂಜಿನಿಯರ್. ಹೆಸರು ನೋಡಿದ ದಿನವೇ."

"ಸ್ವಂತ ಚಿಕ್ಕಮ್ಮ ಕಣಯ್ಯಾ!"

"ಅದಕ್ಕೇ. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ತಡ ಮಾಡಿ ನೋಡುತ್ತಿದ್ದೆನೇನೋ. ನನ್ನ ಚಿಕ್ಕಮ್ಮನಿಗಾಗಿ ತಡ ಮಾಡಿ ಎಲ್ಲರ ವೀಸಾ ನಿಂತುಹೋದರೆ, ಇಲ್ಲಿ ನಾನು ಯಾವ ಮನೆಯ ಮುಂದೆ ನಡೆದು ಹೋಗಲಿ? ಈ ವರ್ಷ ಹೊರಡಬೇಕಾದ ಹುಡುಗ ಹುಡುಗಿಯರೆಲ್ಲರ ಅಪ್ಪ ಅಮ್ಮ ನನಗೆ ಗೊತ್ತು. ನೀವು ಕೊಡದಿದ್ದರೆ ಇನ್ನೊಬ್ಬರನ್ನು ಕಳಿಸುತ್ತೇನೆ. ಆದರೆ ನೀವೇ ಕೊಡಿ. ಬೇರೆಯವರು ಅವಳನ್ನು ಅವಳ ಮಾತಿನಲ್ಲಿ ಬೀಳ್ಕೊಡುವುದಿಲ್ಲ."

ಅವನು ಅಳುತ್ತಿದ್ದನೋ ಏನೋ, ಫೋನಿನಲ್ಲಿ ತಿಳಿಯಲಿಲ್ಲ. ಅವನ ಮಾತಿನಲ್ಲಿ ತಪ್ಪು ಹುಡುಕಲು ನಾನು ಆವತ್ತಿನಿಂದ ಒದ್ದಾಡುತ್ತಿದ್ದೇನೆ. ಸಿಕ್ಕಿಲ್ಲ. ಸಿಕ್ಕಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡಾದರೂ ನಿದ್ದೆ ಮಾಡುತ್ತಿದ್ದೆ.

ಪತ್ರಕ್ಕೆ ಮೊಹರು ಒತ್ತಿದೆ. ವಕೀಲರು ಮಾನವೀಯತೆಯ ಆಧಾರದ ಮೇಲೆ ಕೊನೆಯ ಅರ್ಜಿ ಹಾಕಿದರು, ತಿರಸ್ಕೃತವಾಯಿತು. ವಿಮಾನಕ್ಕೆ ಹತ್ತಿಸುವ ಮುಂಚೆ ಫೋನಿನಲ್ಲಿ ಮಾತಾಡಲು ಬಿಟ್ಟರು. ಅವಳ ಭಾಷೆಯಲ್ಲೇ ಬೀಳ್ಕೊಟ್ಟೆ. ಫ್ರೀಮಾಂಟಿನ ಅಜ್ಜಿಗೆ ಮಾತ್ರೆಯನ್ನು ಪುಡಿ ಮಾಡಿ ಮೊಸರಲ್ಲಿ ಕೊಡಬೇಕು, ಹಾಗೇ ಕೊಟ್ಟರೆ ಉಗುಳುತ್ತಾಳೆ ಎಂದು ಶೈಲಜಾಗೆ ಹೇಳಲು ತಿಳಿಸಿದಳು. ದ್ವೀಪ ಮುಟ್ಟಿದ ಮೇಲೆ ಎರಡು ವಾರವೂ ಬದುಕಲಿಲ್ಲ. ವೀಸಾಗಳು ನಿಲ್ಲಲಿಲ್ಲ.

ದೊಡ್ಡ ದೇಶದಲ್ಲಿ ದೇಶಹಿತವನ್ನು ನಿರ್ಧರಿಸುವವರಿಗೆ, ಅದಕ್ಕೆ ಬೆಲೆ ತೆರುವವರ ಮುಖ ಕಾಣುವುದಿಲ್ಲ. ಸಣ್ಣ ದೇಶದಲ್ಲಿ ಅದು ಕಾಣುತ್ತದೆ, ಅದರಿಂದ ನಿರ್ಧಾರ ಮೃದುವಾಗುತ್ತದೆ ಎಂದು ನಾನು ನಂಬಿದ್ದೆ. ಆ ಮುಖ ಕಾಣುವುದರಿಂದಲೇ ನಿರ್ಧಾರ ಇನ್ನೂ ಗಟ್ಟಿಯಾಗಬಹುದು ಎಂದು ಆ ಕೆಲಸ ನನಗೆ ಕಲಿಸಿತು. ಕಲಿತದ್ದು ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಶೈಲಜಾ ಮತ್ತೆ ಫೋನ್ ಮಾಡಿದರು. ಅಳುಕುತ್ತಲೇ ಕೇಳಿದರು: "ಸರ್, ತಪ್ಪು ತಿಳಕೋಬ್ಯಾಡ್ರಿ. ಅವ್ವ ಯಾರನ್ನೂ ಹತ್ರ ಬಿಟ್ಟುಕೊಳವಲ್ಲಳು. ಆ ದೇಶದವ್ರು ಯಾರರ ಇನ್ನೊಬ್ಬರು ಸಿಗತಾರೇನ್ರೀ?"

ಸಿಗುತ್ತಿದ್ದರು. ಆ ವಾರವಷ್ಟೇ ಹೊಸ ವೀಸಾದಲ್ಲಿ ಬಂದಿಳಿದ ಒಬ್ಬಳು ನನ್ನ ಮನೆಗೆ ಬಂದು ಹೆಸರು ನೋಂದಾಯಿಸಿ ಹೋಗಿದ್ದಳು. ಅವಳ ನಂಬರು ಕೊಟ್ಟೆ.