ದೊಡ್ಡವ್ವನ ಮಾಳಿಗೆಯ ಮಣ್ಣು

ಕಳೆದ ವಾರ ಅಡುಗೆಮನೆಯಲ್ಲಿ ನೀರಿನ ಫಿಲ್ಟರ್ ಕೂರಿಸಲು ಬಂದವನು ಗೋಡೆಗೆ ಡ್ರಿಲ್ ಹಿಡಿದ. ಮೊದಲು ಸಿಮೆಂಟಿನ ಬೂದು ಪುಡಿ ಉದುರಿತು. ಇನ್ನಷ್ಟು ಒಳಗೆ ಹೋದಂತೆ ಪುಡಿಯ ಬಣ್ಣ ಬದಲಾಗಿ ಮಣ್ಣು ಬಂತು, ಮಣ್ಣಿನೊಳಗೆ ಹೊಟ್ಟಿನ ಚೂರು. "ಇದೇನ್ರಿ ಸರ, ಒಳಗ ಬರೇ ಮಣ್ಣೈತಿ" ಎಂದು ಅವನು ಯಂತ್ರ ನಿಲ್ಲಿಸಿದ. ಆ ತೂತಿನಿಂದ ಒಂದು ವಾಸನೆ ಬಂತು. ಮುಚ್ಚಿಟ್ಟ ಕಣಜದ ಬಾಯಿ ತೆಗೆದಾಗ ಬರುವಂಥದ್ದು... ನಾನು ಹೊರಗೆ ಬಂದು ನಿಂತೆ. ಆ ಗೋಡೆಯ ಅರ್ಧ ನಮ್ಮದು. ಇನ್ನರ್ಧ ಬಾಜೂಮನೆಯ ದೊಡ್ಡವ್ವನದು.

ನಮಗೆ ಅವಳು ಸಂಬಂಧಿಕಳಲ್ಲ. ಕುಷ್ಟಗಿಯ ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಗಂಡ ತೀರಿದ ಮೇಲೆ ಸರ್ಕಾರಿ ಸಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಹಿಡಿದು, ಒಬ್ಬಳೇ ಮಗಳನ್ನು ಓದಿಸಿ ಯಲಬುರ್ಗಾಕ್ಕೆ ಮದುವೆ ಮಾಡಿಕೊಟ್ಟಿದ್ದಳು. ಗಟ್ಟಿ ದನಿ, ಗಟ್ಟಿ ಕೈ. ಬೆಳಿಗ್ಗೆ ಅವಳು ಬಾವಿಕಟ್ಟೆಯ ಹತ್ತಿರ ಯಾರನ್ನಾದರೂ ಬೈಯುತ್ತಿದ್ದರೆ ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಅಗತ್ಯ ಇರಲಿಲ್ಲ.

ಅವಳ ಮನೆಯದು ಮಣ್ಣಿನ ಮಾಳಿಗೆ. ಗೋಡೆಯಿಂದ ಗೋಡೆಗೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮಣ್ಣು. ಆ ಮಣ್ಣು ಎಲ್ಲಿಂದಲೋ ಅಗೆದು ತಂದದ್ದಲ್ಲ, ಕರ್ಲು ಮಣ್ಣು. ಹಳ್ಳದ ದಂಡೆಯಲ್ಲಿ ಬಿಸಿಲಿಗೆ ಬಿಳಿ ಉಪ್ಪು ಒಡೆದು ನಿಂತಿರುತ್ತದಲ್ಲ, ಅದು. ಮಳೆ ಬಿದ್ದರೆ ಕರ್ಲು ಬಿಗಿದುಕೊಂಡು ನೀರನ್ನು ಹೊರಗೇ ಹರಿಸುತ್ತದೆ. ಮಳೆಗಾಲಕ್ಕೆ ಮೊದಲು ದೊಡ್ಡವ್ವ ತಾನೇ ಏಣಿ ಹತ್ತಿ ಹೊಸ ಕರ್ಲು ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿಯುತ್ತಿದ್ದಳು. ತನ್ನ ಮಾಳಿಗೆ ಒಂದು ಹನಿ ಸೋರಿಲ್ಲ ಎಂಬುದನ್ನು ಓಣಿಗೆಲ್ಲ ಸಾರುತ್ತಿದ್ದಳು. ನಮ್ಮದೂ ಅಂಥದೇ ಮಾಳಿಗೆ. ಆದರೆ ನಮ್ಮದು ಸೋರುತ್ತಿತ್ತು.

ಹತ್ತು ಹನ್ನೆರಡು ವರ್ಷದ ಹಿಂದೆ ನಾವು ಹಿಂದಿನ ಕೋಣೆ ಮತ್ತು ಅಡುಗೆಮನೆ ಒಡೆಸಿ ಸ್ಲ್ಯಾಬ್ ಹಾಕಿಸಲು ಹೊರಟೆವು. ನಮ್ಮ ಜಂತಿಗಳೂ ದೊಡ್ಡವ್ವನ ಜಂತಿಗಳೂ ಒಂದೇ ನಡುಗೋಡೆಯ ಮೇಲೆ ತಲೆಯಿಟ್ಟಿದ್ದವು. ಸ್ಲ್ಯಾಬ್ ಹೊರಬೇಕಾದರೆ ಗೋಡೆಯ ನೆತ್ತಿಗೆ ಕಾಂಕ್ರೀಟಿನ ಪಟ್ಟಿ ಹಾಕಬೇಕು, ಅದಕ್ಕಾಗಿ ಅವಳ ಮಾಳಿಗೆಯ ಆ ಬದಿಯ ಮಣ್ಣು ತೆಗೆಯಬೇಕು ಎಂದು ಕಟ್ಟುವ ಕೆಲಸಕ್ಕೆ ಹಿಡಿದ ಗೌಂಡಿ ಹೇಳಿದ. ಗೌಂಡಿ ಗಂಗಾವತಿ ಕಡೆಯವನು. ನಮ್ಮ ಕಡೆ ಕೆಲಸ ಹಿಡಿದು ವರ್ಷವಷ್ಟೇ ಆಗಿತ್ತು. ಬಾಯಿ ತುಂಬ ಮಾತು, ಜೇಬಿನಲ್ಲಿ ಎರಡು ಫೋನು.

ನಾನು ಕೇಳಲು ಹೋದಾಗ ದೊಡ್ಡವ್ವ ಮೊರದಲ್ಲಿ, ಅರಳು ಹುರಿದು ಅಳ್ಳಿಟ್ಟು ಮಾಡುವ ಜೋಳ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

"ಗೌಂಡ್ಯಾರಿಗೆ ಒಡಿಯಾಕ ಹೇಳು, ಚಾ ಕುಡಿಯೂದ್ರೊಳಗ ಬರ್ತಾರ. ಕಟ್ಟಾಕ ಹೇಳು, ಅವರವ್ವಗ ಆರಾಮ ಇರಂಗಿಲ್ಲ."

"ನಾ ಇರ್ತೀನಲ್ಲ ದೊಡ್ಡವ್ವ."

"ನೀ ಎಲ್ಲಿರ್ತಿ? ಆಫೀಸಿನ್ಯಾಗ ಇರ್ತಿ." ಮೊರ ಕೆಳಗಿಟ್ಟಳು. "ನೋಡ ತಮ್ಮಾ, ಮಗಳು ಬಸರಿ ಅದಾಳ, ಕುಬಸ ಐತಿ. ಮುಗಿಸಿಕೊಂಡು ಕರಕೊಂಡ ಬರ್ತೀನಿ. ಚೊಚ್ಚಲ ಬಾಣಂತನ. ಆಕಿ ನನ್ನ ಹೊಸ್ತಿಲ ದಾಟೂದ್ರೊಳಗ ಮಾಳಿಗಿ ಮ್ಯಾಲೆ ಮಣ್ಣ ಇರಬೇಕು. ಹಾಕಸ್ತಿ?"

ಹಾಕಿಸುತ್ತೇನೆ ಎಂದೆ. ಅವಳು ಇನ್ನೊಂದು ಮಾತು ಕೇಳಲಿಲ್ಲ. ಯಲಬುರ್ಗಾದ ಬೀಗರು ಸ್ಲ್ಯಾಬಿನ ಮನೆಯವರು, ಅಂಗಡಿ ಇದ್ದವರು. ಮದುವೆಯಲ್ಲಿಯೇ ಬೀಗತಿ ಈ ಜಂತಿಗಳನ್ನು ನೋಡಿ, ಹುಳ ಬೀಳುವುದಿಲ್ಲವೇ ಎಂದು ನಕ್ಕು ಕೇಳಿದ್ದಳಂತೆ. ಮಗಳ ಬಾಣಂತನ ತನ್ನ ಸೂರಿನ ಕೆಳಗೆ ಆಗಬೇಕು ಎಂಬುದರ ಹೊರತು ಆ ವರ್ಷ ದೊಡ್ಡವ್ವನಿಗೆ ಬೇರೆ ಯೋಚನೆಯೇ ಇರಲಿಲ್ಲ. ಬಾಣಂತಿಯ ಅಂಟಿನುಂಡೆಗೆಂದು ಒಣಕೊಬ್ಬರಿ, ಅಂಟು, ಅಳವಿ ಎಲ್ಲ ತಂದು ಡಬ್ಬಿ ತುಂಬಿಸಿಟ್ಟಿದ್ದಳು. ಸಾಲೆಯಿಂದ ಬಂದವಳು ಆ ಡಬ್ಬಿಗಳ ಮುಚ್ಚಳ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚುತ್ತಿದ್ದಳು.

ಒಡೆಯುವ ದಿನ ಗೌಂಡಿ ಹೊತ್ತು ಮೂಡುವ ಮೊದಲೇ ಬಂದ. ಒಂದೇ ದಿನದಲ್ಲಿ ನಮ್ಮ ಮಾಳಿಗೆ ಇಳಿಯಿತು, ದೊಡ್ಡವ್ವನ ಬದಿಯ ಮಣ್ಣೂ ಚಕ್ಕೆಯೂ ಇಳಿದವು. ಅವಳ ಕರ್ಲನ್ನು ಓಣಿಯಲ್ಲಿ ಬೇರೆಯೇ ಗುಡ್ಡೆ ಹಾಕಿಸಿ, ಮೇಲೆ ತಾಡಪತ್ರಿ ಮುಚ್ಚಿಸಿದೆ. ಅವಳ ಕೋಣೆಯಲ್ಲಿ ನಿಂತು ಮೇಲೆ ನೋಡಿದರೆ ಜಂತಿಗಳ ನಡುವೆ ಆಕಾಶದ ಒಂದು ಪಟ್ಟಿ ಕಾಣುತ್ತಿತ್ತು. ಗೋಡೆಗೆ ಕಾಂಕ್ರೀಟಿನ ಪಟ್ಟಿ ಬಿತ್ತು, ನಮ್ಮ ಸ್ಲ್ಯಾಬ್ ಬಿತ್ತು, ತೆಂಗಿನಕಾಯಿ ಒಡೆದು ಎಲ್ಲರಿಗೂ ಹೋಳಿಗೆ ಊಟ ಹಾಕಿದೆವು. ಮರುದಿನದಿಂದ ಗೌಂಡಿ ಬರಲಿಲ್ಲ.

ಬೇರೆ ಗೌಂಡಿಗಳನ್ನು ಕೇಳಿದೆ. ಒಬ್ಬರೂ ಒಪ್ಪಲಿಲ್ಲ. ಒಬ್ಬ ಕೈ ಹಚ್ಚಿದ ಮನೆಗೆ, ಅವನು ಹೇಳುವ ತನಕ ಇನ್ನೊಬ್ಬ ಕರಣಿ ಹಿಡಿದು ಬರುವುದಿಲ್ಲ. ಅದು ಅವರೊಳಗಿನ ಕಟ್ಟು. "ಅವರನ್ನ ಕೇಳ್ರಿ ಸರ, ಹ್ಞೂಂ ಅಂದ್ರ ಬರ್ತೀವಿ" ಎನ್ನುತ್ತಿದ್ದರು. ಫೋನು ಮಾಡಿದರೆ ಅವನು ಹ್ಞೂಂ ಅನ್ನುತ್ತಿರಲಿಲ್ಲ, ಬರುತ್ತೇನೆ ಅನ್ನುತ್ತಿದ್ದ. ಒಂದು ಸಲ ಅವ್ವನಿಗೆ ಆರಾಮಿಲ್ಲ ಎಂದ. ದೊಡ್ಡವ್ವನ ಮಾತು ನೆನಪಾಗಿ ನನಗೆ ನಗು ಬಂತು.

ನಾನು ಆ ದಿನಗಳಲ್ಲಿ ಎಲ್ಲಿಯೂ ಕೂತ ನೆನಪಿಲ್ಲ. ಆಫೀಸಿನಲ್ಲಿ ಕಿಟಕಿಯ ಹತ್ತಿರ ಹೋಗಿ ಮೋಡ ನೋಡುತ್ತಿದ್ದೆ. ಮನೆಗೆ ಬಂದರೆ ತಾಡಪತ್ರಿಯ ಮೇಲಿನ ಕಲ್ಲುಗಳನ್ನು ಸರಿಸಿ ಮತ್ತೆ ಇಡುತ್ತಿದ್ದೆ. ದೊಡ್ಡವ್ವ ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಬಾಗಿಲಲ್ಲಿ ನಿಂತು, "ಬಂದನೇನಪಾ ನಿಮ್ಮಳಿಯ?" ಎಂದು ಗೌಂಡಿಯ ಬಗ್ಗೆ ಅಷ್ಟೇ ಕೇಳುತ್ತಿದ್ದಳು.

ಕೊನೆಗೆ ಒಂದು ಮುಂಜಾನೆ ಫೋನಿನಲ್ಲಿ, "ಬಸ್ಸಿನ್ಯಾಗ ಅದೀನ್ರಿ ಸರ, ತಾವರಗೇರಾ ದಾಟೀನಿ" ಎಂದ. ಹಿಂದೆ ಕಾಂಕ್ರೀಟ್ ಮಿಕ್ಸರಿನ ಸದ್ದು ಕೇಳುತ್ತಿತ್ತು. ನಾನು ರಜೆ ಹಾಕಿ ಗಂಗಾವತಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಲಗಡೆಯ ಆಕಾಶ ನೋಡುತ್ತ ಹೋದೆ. ಅಕ್ಕಿ ಗಿರಣಿಯ ಹತ್ತಿರ ಹೊಸ ಮನೆಯೊಂದರ ಮೇಲೆ ಅವನು ಇದ್ದ. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ನೆಂಟರು ಬಂದಂತೆ ಇಳಿದು ಬಂದ.

"ಅಯ್ ಸರ! ನೀವ್ಯಾಕ ಬರಾಕ ಹೋದ್ರಿ? ಒಂದ ಫೋನ್ ಮಾಡಿದ್ರ ನಾನ ಬರ್ತಿದ್ದೆ."

"ಬಸ್ಸಿನ್ಯಾಗ ಅದೀನಿ ಅಂದ್ರೆಲ್ಲ ಮೇಸ್ತ್ರಿ?"

"ಹತ್ತಿದ್ದೆ ಸರ. ಇವರು ಇಳಸಿಬಿಟ್ರು."

ಸಿಟ್ಟು ಮಾಡಲು ಆಗಲಿಲ್ಲ. ಹೆಣ್ಣುಮಗಳ ಬಾಣಂತನದ ಮಾತು ಎಂದು ಹೇಳಿದೆ, ಮಳೆಯ ಮಾತು ಹೇಳಿದೆ. ಅವನ ಮುಖ ಸ್ವಲ್ಪ ಬದಲಾಯಿತು. ತನ್ನ ತಂಗಿಯೂ ತವರಿಗೆ ಬಂದಿದ್ದಾಳೆ ಎಂದ. ಅದು ಸುಳ್ಳಾಗಿರಲಿಕ್ಕಿಲ್ಲ. "ನಾಡಿದ್ದು ನಿಮ್ಮ ದೊಡ್ಡವ್ವನ ಮಾಳಿಗಿ ಮುಚ್ಚಿ ಕೊಡಲಿಲ್ಲಂದ್ರ ಈ ಕರಣಿ ಹಿಡಿಯಂಗಿಲ್ರಿ" ಎಂದು ಕರಣಿಯನ್ನು ಕಣ್ಣಿಗೆ ಒತ್ತಿಕೊಂಡ.

ಮಾತಿನಂತೆ ಬಂದ. ಇದನ್ನು ನಾನು ಸರಿಯಾಗಿ ಹೇಳಬೇಕು, ಅವನು ಬಂದ. ಅಂದು ದೊಡ್ಡವ್ವ ಕುಬಸಕ್ಕೆಂದು ಹಸಿರು ಸೀರೆ, ಬಳೆ, ಬುತ್ತಿ ಕಟ್ಟಿಕೊಂಡು ಯಲಬುರ್ಗಾಕ್ಕೆ ಹೋಗಿದ್ದಳು. ನಾನು ಆಫೀಸಿನಲ್ಲಿದ್ದೆ. ಸಂಜೆ ಬಂದಾಗ ಓಣಿ ಗುಡಿಸಿ ಚೊಕ್ಕಟವಾಗಿತ್ತು. ನಮ್ಮ ಒಡೆದ ಮನೆಯ ಕಲ್ಲುಮಣ್ಣಿನ ರಾಶಿಯೂ ಇರಲಿಲ್ಲ, ತಾಡಪತ್ರಿಯ ಗುಡ್ಡೆಯೂ ಇರಲಿಲ್ಲ. ದೊಡ್ಡವ್ವನ ಕೋಣೆಯಲ್ಲಿ ಆಕಾಶದ ಪಟ್ಟಿ ಮುಚ್ಚಿತ್ತು. ಗೌಂಡಿ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತು, ನನ್ನ ಹೆಂಡತಿ ಕೊಟ್ಟ ಅವಲಕ್ಕಿ ತಿನ್ನುತ್ತಿದ್ದ. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

ಎರಡು ದಿನದ ಮೇಲೆ ದೊಡ್ಡವ್ವ ಮಗಳನ್ನು ಕರೆದುಕೊಂಡು ಬಂದಳು. ಹೊಸ್ತಿಲಲ್ಲಿ ಮಗಳಿಗೆ ದೃಷ್ಟಿಯ ನೀರು ಇಳಿಸಿ ಒಳಗೆ ಕರೆದು, ಮೇಲೆ ನೋಡಿದಳು. ನನ್ನ ಕಡೆ ತಿರುಗಿ ತಲೆ ಆಡಿಸಿದಳು. ಅಂಥ ಮುಖವನ್ನು ನಾನು ಅವಳಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೆ ಸೀರೆ ಬದಲಿಸಿ ಏಣಿ ಹತ್ತಿದಳು.

ಬಹಳ ಹೊತ್ತು ಇಳಿಯಲಿಲ್ಲ. ನಾನು ಏಣಿಯ ಅರ್ಧಕ್ಕೆ ಹೋದೆ. ಅವಳು ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆಯನ್ನು ಬೆರಳಲ್ಲಿ ತಿಕ್ಕುತ್ತಿದ್ದಳು.

"ಎರಿಮಣ್ಣು" ಎಂದಳು.

ಕಲ್ಲುಮಣ್ಣು ಸಾಗಿಸಲು ಬಂದ ಟ್ರ್ಯಾಕ್ಟರಿನವರು ಅವಳ ಕರ್ಲನ್ನೂ ತುಂಬಿಕೊಂಡು ಊರ ಹೊರಗೆ ಸುರಿದು ಬಂದಿದ್ದರು. ಗೌಂಡಿ ಅದೇ ಟ್ರ್ಯಾಕ್ಟರಿನಲ್ಲಿ ಯಾವುದೋ ಹೊಲದ ಬದುವಿನ ಮಣ್ಣು ತರಿಸಿ ಹಾಕಿದ್ದ. ಕಾಲುವೆಯ ಸೀಮೆಯಲ್ಲಿ, ಸ್ಲ್ಯಾಬಿನ ಮನೆಗಳ ನಡುವೆ ಬೆಳೆದವನು. ಗದ್ದೆಯ ಕರಿ ಮಣ್ಣೇ ಅವನಿಗೆ ಒಳ್ಳೆಯ ಮಣ್ಣು. ಹದವಾಗಿ ಬಡಿದು, ನೀಟಾಗಿ ಅಂಚು ಕಟ್ಟಿದ್ದ. ಕೆಲಸದಲ್ಲಿ ಒಂದು ಕುಂದು ಇರಲಿಲ್ಲ. ಎರೆಮಣ್ಣು ಆಗಲೇ ಬಿಸಿಲಿಗೆ ಬಾಯಿಬಿಟ್ಟಿತ್ತು. ಬೆರಳು ಹೋಗುವಷ್ಟು ಬಿರುಕುಗಳು, ಗೋಡೆಯುದ್ದಕ್ಕೂ...

ಫೋನು ಮಾಡಿದೆ. "ಮಣ್ಣ ಮಣ್ಣಽ ಅಲ್ಲೇನ್ರಿ ಸರ? ನಾಳೆ ಬಂದು ನೋಡ್ತೀನಿ" ಎಂದ. ದೊಡ್ಡವ್ವ ಕಾಯಲಿಲ್ಲ. ಮರುದಿನ ಓಣಿಯ ಇಬ್ಬರು ಹೆಣ್ಣುಮಕ್ಕಳನ್ನು ಕರೆದು ತಾನೇ ಕರಿ ಮಣ್ಣು ಕೆದರಿ ಇಳಿಸಲು ಹತ್ತಿದಳು. ನಾನು ಕರ್ಲು ಹುಡುಕಿಕೊಂಡು ಟ್ರ್ಯಾಕ್ಟರಿನ ಜೊತೆ ಹಳ್ಳದ ಕಡೆ ಹೋದೆ. ನಾವು ಇನ್ನೂ ತುಂಬುತ್ತಿರುವಾಗಲೇ ಪಡುವಣದಿಂದ ಗಾಳಿ ಎದ್ದಿತು.

ತಿರುಗಿ ಬರುವಷ್ಟರಲ್ಲಿ ಆಗಿಹೋಗಿತ್ತು. ನೀರು ಬಿರುಕಿನಲ್ಲಿ ಇಳಿದು, ನಡುಗೋಡೆಯ ಗುಂಟ ಹರಿದು, ಮಗಳಿಗೆ ಮಲಗಲೆಂದು ಹಾಕಿದ್ದ ಹೊರಸಿನ ಮೇಲೆ ಕರಿಯ ರಾಡಿಯಾಗಿ ಸುರಿದಿತ್ತು. ಹೊಸ ಕೌದಿ, ಹಳೆ ಸೀರೆ ಹರಿದು ಮಡಿಸಿಟ್ಟ ಬಟ್ಟೆ ಎಲ್ಲ ತೋಯ್ದಿದ್ದವು. ಮಗಳು ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ದೊಡ್ಡವ್ವ ಮಾಳಿಗೆಯ ಮೇಲೆ, ಮಳೆಯಲ್ಲೇ, ಬಿರುಕಿಗೆ ಗೋಣಿಚೀಲ ತುರುಕುತ್ತಿದ್ದಳು. ಇಳಿದು ಬಾ ಎಂದು ನಾವೆಲ್ಲ ಕೂಗಿದೆವು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಮಗಳನ್ನು ನಮ್ಮ ಹೊಸ ಕೋಣೆಗೆ ಕರೆದುಕೊಂಡು ಬಂದೆವು. ಮರುದಿನ ಸುದ್ದಿ ತಿಳಿದು ಬೀಗತಿ ಜೀಪು ಮಾಡಿಕೊಂಡು ಬಂದಳು. ಜಗಳ ಮಾಡಲಿಲ್ಲ. ರಾಡಿಯಾದ ಕೋಣೆಯನ್ನು ಸೀರೆ ಎತ್ತಿ ಹಿಡಿದು ನೋಡಿದಳು.

"ಹಸಿ ಬಾಣಂತಿ ಮೈಮ್ಯಾಲೆ ಇದು ಬಿದ್ದಿದ್ರ ಗತಿ ಏನ್ರಿ ಬೀಗತಿ?"

"ಮಣ್ಣ ತಂದೈತ್ರಿ. ಬಿಸಲ ಬಿದ್ದ ಮ್ಯಾಲೆ ಎರಡ ದಿನದಾಗ ಮಾಡ್ತೀನ್ರಿ" ಎಂದಳು ದೊಡ್ಡವ್ವ.

"ನಮ್ಮ ಕ್ವಾಣ್ಯಾಗ ಇರ್ಲಿ ತಾಯಿ, ಇದೂ ಇವರ ಮನೀನ" ಎಂದಳು ನನ್ನ ಹೆಂಡತಿ.

"ಅಲ್ರಿ, ತವರಮನಿ ಬಿಟ್ಟು ಬಾಜೂದವರ ಮನ್ಯಾಗ ಬಾಣಂತನ ಅಂದ್ರ ನಾಕ ಮಂದಿ ಏನಂತಾರ? ನಮ್ಮಲ್ಲೇ ಆಗ್ಲಿ ಬಿಡ್ರಿ. ನಮ್ಮ ಮನಿ ಏನ ಸೋರಂಗಿಲ್ಲ."

ಮಗಳು ಅವ್ವನ ಮುಖ ನೋಡಿದಳು. ದೊಡ್ಡವ್ವ ಒಳಗೆ ಹೋಗಿ ಡಬ್ಬಿಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿ ಜೀಪಿನಲ್ಲಿ ಇಟ್ಟಳು. ಆಮೇಲೆ ತಾನೂ ಹತ್ತಿ ಕೂತಳು. ಬೀಗರ ಮನೆಯಲ್ಲಿ ಉಳಿದು ಮಗಳ ಬಾಣಂತನ ಮಾಡಿದವಳು ನಮ್ಮ ಓಣಿಯಲ್ಲಿ ಅವಳೊಬ್ಬಳೇ ಇರಬೇಕು. ಜೀಪು ಹತ್ತುವ ಮೊದಲು ನನ್ನ ಹತ್ತಿರ ಬಂದಿದ್ದಳು.

"ನೀ ಮಾತ ತಪ್ಪಿಲ್ಲ ತಮ್ಮಾ. ಅವನೂ ಬಂದ, ಮಣ್ಣೂ ಹಾಕಿದ. ಎಲ್ಲಾ ಆತು... ಬರೇ ಮಣ್ಣ ಬ್ಯಾರೆ ಆತು."

ಮೂರು ತಿಂಗಳ ಮೇಲೆ ಬಂದಳು. ದನಿ ಇಳಿದಿತ್ತು. ನಾನು ತರಿಸಿಟ್ಟಿದ್ದ ಕರ್ಲನ್ನು ತಾನೇ ಹೊತ್ತು ಹರಡಿ, ಬಡಿದು, ಮಾಳಿಗೆ ಮುಚ್ಚಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೂ ವರ್ಷ ವರ್ಷ ಹಾಕುತ್ತಲೇ ಇದ್ದಳು. ಆದರೆ ಸೋರಿಲ್ಲ ಎಂದು ಯಾರಿಗೂ ಸಾರಿದ್ದನ್ನು ನಾನು ಕೇಳಲಿಲ್ಲ. ಮಗಳ ಎರಡನೆಯ ಹೆರಿಗೆ ಕೊಪ್ಪಳದ ಆಸ್ಪತ್ರೆಯಲ್ಲಾಗಿ, ಅಲ್ಲಿಂದ ನೇರ ಯಲಬುರ್ಗಾಕ್ಕೆ ಹೋದರು. ಮಗಳು ಹಬ್ಬಕ್ಕೆ ಬಂದರೂ ಸಂಜೆಯ ಬಸ್ಸಿಗೆ ಮಕ್ಕಳನ್ನು ಕರೆದುಕೊಂಡು ತಿರುಗುತ್ತಿದ್ದಳು. ಆ ಕೋಣೆಯಲ್ಲಿ ಹೊರಸು ಹಾಕಿಯೇ ಇರುತ್ತಿತ್ತು...

ದೊಡ್ಡವ್ವ ಹೋದ ವರ್ಷ ತೀರಿಕೊಂಡಳು. ಸಾಯುವ ಹಿಂದಿನ ಬೇಸಿಗೆಯಲ್ಲೂ ಏಣಿ ಹತ್ತಿದ್ದಳು.

ಮೊನ್ನೆ ರವಿವಾರ ಅವಳ ಮಗಳು ಬೀಗ ತೆಗೆಸಿದ ಸದ್ದು ಕೇಳಿ ಹೋದೆ. ಮನೆ ಇಳಿಸಿ ಸ್ಲ್ಯಾಬ್ ಹಾಕಿಸುವ ವಿಚಾರವಂತೆ. ಬಾಡಿಗೆಗೆ ಕೊಡಬಹುದು ಎಂದಳು. "ಅಣ್ಣಾ, ಹೇಳಿದ ದಿನಕ್ಕ ಬರೂವಂಥ ಗೌಂಡಿ ಯಾರರೆ ಇದ್ರ ಹೇಳ್ರಿ" ಎಂದಳು. ನೋಡಿ ಹೇಳುತ್ತೇನೆ ಎಂದೆ.

ಅವಳು ಒಳಗಿನ ಕೋಣೆಗೆ ಹೋಗಿ ಜಂತಿಗಳನ್ನು ನೋಡುತ್ತ ನಿಂತಳು. ನಾನು ಬಾಗಿಲಲ್ಲೇ ನಿಂತೆ.

"ಇದು ಆಮ್ಯಾಲೂ ಸೋರ್ತಿತ್ತೇನ್ರಿ ಅಣ್ಣಾ? ಅವ್ವ ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ."

"ಇಲ್ಲವ್ವಾ" ಎಂದೆ. "ಒಂದ ಸಲನೂ ಸೋರ್ಲಿಲ್ಲ."

ಅವಳು ಹೊರಸಿನ ಮೇಲೆ ಕೂತಳು. ಬಸ್ಸಿನ ಹೊತ್ತಾಯಿತು ಎಂದು ನಾನು ನೆನಪು ಮಾಡಿಕೊಟ್ಟೆ. ಈ ರಾತ್ರಿ ಇಲ್ಲೇ ಇರುತ್ತೇನೆ, ಒಂದು ಹಾಸಿಗೆ ಇದ್ದರೆ ಕೊಡಿ ಎಂದಳು.